ಬಣ್ಣ ಹಿಡಿಯದ ಎಳೆ

2019ರ ಆಗಸ್ಟ್ 14, ಬುಧವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ನರ್ಸ್ ಸಲೋತೆ ಮೂತ್ರದ ಟ್ಯೂಬನ್ನು ಹೊರಗೆ ತೆಗೆದಳು. "ಉಸಿರು ತಗೊಳ್ಳಿ ಆಂಟಿ, ಈಗ ಬಿಡಿ" ಎಂದಳು, ರೇಲೀನ್ ಉಸಿರು ಬಿಡುವಷ್ಟರಲ್ಲಿ ಕೆಲಸ ಮುಗಿದಿತ್ತು. ಕಿಟಕಿಯ ಹೊರಗೆ ಅಡಿಲೇಡ್ ಇನ್ನೂ ಕತ್ತಲಲ್ಲಿತ್ತು. ಎದುರಿನ ಕಾರ್ ಪಾರ್ಕಿನ ಮಾಳಿಗೆಯ ಮೇಲೆ ದೀಪಗಳ ಸುತ್ತ ಮಂಜು ಹಿಡಿದಿತ್ತು. ರೇಲೀನಳಿಗೆ ಮಾತ್ರ ಯಾರೋ ಪರದೆ ಸರಿಸಿ ಬಿಸಿಲು ಬಿಟ್ಟ ಹಾಗಿತ್ತು. ಸೋಮವಾರ ಮಧ್ಯಾಹ್ನ ಅರಿವಳಿಕೆಯಿಂದ ಎಚ್ಚರವಾದಾಗಿನಿಂದ ಈ ಉತ್ಸಾಹ ಅವಳನ್ನು ಬಿಟ್ಟಿರಲಿಲ್ಲ. ಐವತ್ತೆಂಟರ ಹೆಂಗಸಿಗೆ, ಅದೂ ಹೊಟ್ಟೆಯ ಕೆಳಗೆ ಅಷ್ಟು ಹೊಲಿಗೆ ಬಿದ್ದವಳಿಗೆ, ಇದು ತಕ್ಕದ್ದಲ್ಲವೆಂದು ಅವಳಿಗೇ ಅನ್ನಿಸುತ್ತಿತ್ತು. ಆದರೂ ಸ್ಕೂಲಿನ ಕೊನೆಯ ದಿನದ ಹುಡುಗಿಯ ಹಾಗೆ ಕಾಲ್ಬೆರಳು ಹೊದಿಕೆಯ ಕೆಳಗೆ ತಾವಾಗಿಯೇ ಆಡುತ್ತಿದ್ದವು.

"ನೋಡಿ, ನಿಯಮ ಹೇಳ್ತೀನಿ," ಸಲೋತೆ ಕೈಗವಸು ಕಳಚುತ್ತ ಅಂದಳು. ಟೋಂಗಾದಿಂದ ಬಂದವರ ಮಗಳು, ದೊಡ್ಡ ಆಳು, ವಾರ್ಡಿನ ಎಲ್ಲ ಹೆಂಗಸರೂ ಅವಳಿಗೆ ಆಂಟಿಯರೇ. "ಗಂಟೆಗೆ ಒಂದು ಲೋಟ ನೀರು, ಅಷ್ಟೇ. ಕಮೋಡಲ್ಲಿ ಈ ಬಿಳೀ ಟೋಪಿ ಇಟ್ಟಿರ್ತೀನಿ. ಒಂದಕ್ಕೆ ಬಂದ್ರೆ ಅದ್ರೊಳಗೇ ಹೋಗ್ಬೇಕು. ಆಮೇಲೆ ನಾನು ಹೊಟ್ಟೆ ಮೇಲೆ ಯಂತ್ರ ಇಟ್ಟು ಒಳಗೆಷ್ಟು ಉಳೀತು ಅಂತ ನೋಡ್ತೀನಿ. ನೂರು ಮಿಲಿಗಿಂತ ಕಮ್ಮಿ ಇದ್ರೆ ಮನೆಗೆ. ಜಾಸ್ತಿ ಇದ್ರೆ ಟ್ಯೂಬ್ ಮತ್ತೆ ಒಳಗೆ."

"ಎಷ್ಟು ಚಾನ್ಸು?"

"ಎರಡು. ಮಧ್ಯಾಹ್ನ ಡಾಕ್ಟರ್ ಹೇಗನ್ ಬರೋ ತನಕ."

"ಯಾರಾದ್ರೂ ಫೇಲಾಗಿದಾರಾ?"

"ನಿನ್ನೆ ಒಬ್ರು. ಜಡ್ಜಮ್ಮ. ಕೋರ್ಟಲ್ಲಿ ಎಲ್ರನ್ನೂ ನಡುಗಿಸ್ತಾರಂತೆ. ಟೋಪಿ ಮುಂದೆ ಏನೂ ನಡೀಲಿಲ್ಲ."

ತೊಡೆಗೆ ಚೀಲ ಕಟ್ಟಿಕೊಂಡು ಮನೆಗೆ ಹೋಗಬೇಕಾದೀತು ಎಂಬುದು ರೇಲೀನಳ ಭಯವಾಗಿರಲಿಲ್ಲ. ಭಯ ಬೇರೆಯದು. ಆಪರೇಷನ್ನಿಗೆ ಮೊದಲೇ ಡಾಕ್ಟರ್ ಹೇಗನ್ ಮುಚ್ಚುಮರೆ ಇಲ್ಲದೆ ಹೇಳಿದ್ದರು: ಹನ್ನೆರಡು ವರ್ಷದ ಹಿಂದೆ ಒಳಗಿಟ್ಟ ಪ್ಲಾಸ್ಟಿಕ್ ಜಾಲರಿ ಮೂತ್ರಕೋಶದ ಗೋಡೆಗೆ ಅಂಟಿಕೊಂಡುಬಿಟ್ಟಿದೆ, ಕೆರೆದು ಬಿಡಿಸುವಾಗ ಅಲ್ಲಿನ ನರಗಳಿಗೆ ಪೆಟ್ಟಾಗಬಹುದು, ಮೂತ್ರಕೋಶ ಖಾಲಿಯಾಗುವುದನ್ನೇ ಮರೆತುಬಿಡಬಹುದು, ಹಾಗಾದರೆ ಬದುಕಿಡೀ ದಿನಕ್ಕೆ ಹಲವು ಸಲ ನಿಮ್ಮ ಕೈಯಾರೆ ಟ್ಯೂಬ್ ಹಾಕಿಕೊಳ್ಳಬೇಕು. ಅವಳು ಎಲ್ಲಕ್ಕೂ ತಲೆಯಾಡಿಸಿ ಸಹಿ ಹಾಕಿದ್ದಳು. ಈಗ ದೇಹ ಅದಕ್ಕೆ ಉತ್ತರ ಹೇಳಬೇಕಾಗಿತ್ತು. ಅದು ಏನು ಹೇಳುತ್ತದೋ ಎಂಬ ಆತುರದಲ್ಲಿ, ಸಲೋತೆ ಬೆನ್ನು ತಿರುಗಿಸಿದ ಕೂಡಲೇ, ಅವಳು ಮೊದಲ ಲೋಟವನ್ನು ಗಟಗಟ ಕುಡಿದು ಎರಡನೆಯದನ್ನು ಬಗ್ಗಿಸಿಕೊಂಡಳು.

ಕುಡಿದು, ಎದ್ದು, ಕುರ್ಚಿಯ ಹತ್ತಿರ ಹೋದಳು. ಮರದ ಕುರ್ಚಿ, ದಿಂಬು ಇಲ್ಲದ್ದು. ಕೈ ಊರಿ ಮೆಲ್ಲಗೆ ಕೆಳಗಿಳಿದು ಮೈಯ ಪೂರ್ತಿ ಭಾರ ಬಿಟ್ಟಳು. ಹೊಲಿಗೆಗಳು ಚುರುಗುಟ್ಟಿದವು, ಅದು ಹೊಸ ನೋವು, ತಾಜಾ, ಪ್ರಾಮಾಣಿಕವಾದದ್ದು. ಹಳೆಯದು ಇರಲಿಲ್ಲ. ಒಳಗೆ ಬೇಲಿಯ ಮುಳ್ಳುತಂತಿಯ ಮೇಲೆ ಕೂತ ಹಾಗಿನ ಆ ನೋವು, ಎಡತೊಡೆಯ ಒಳಗೆ ಬಿಸಿ ಸರಿಗೆಯ ಹಾಗೆ ಇಳಿಯುತ್ತಿದ್ದದ್ದು, ಇರಲಿಲ್ಲ. ಅವಳು ಎದ್ದು ಮತ್ತೆ ಕೂತಳು. ಆಮೇಲೆ ಮಂಚದ ಅಂಚಿನ ಮೇಲೆ, ಆಮೇಲೆ ಕಿಟಕಿಯ ಕಟ್ಟೆಯ ಮೇಲೆ, ಅಂಗಡಿಯಲ್ಲಿ ಸೋಫಾ ಪರೀಕ್ಷೆ ಮಾಡುವವಳ ಹಾಗೆ. ಕೂರುವ ಜಾಗಗಳನ್ನು ಅವಳು ಒಂದೊಂದಾಗಿ ಬಿಟ್ಟುಕೊಟ್ಟಿದ್ದಳು: ಮೊದಲು ಟ್ರ್ಯಾಕ್ಟರಿನ ಸೀಟು, ಆಮೇಲೆ ಫುಟ್‌ಬಾಲ್ ಮೈದಾನದ ಸುತ್ತಲ ಹಲಗೆ, ಆಮೇಲೆ ಅಡುಗೆಮನೆಯ ಸ್ಟೂಲು, ಕೊನೆಗೆ ಚರ್ಚಿನ ಬೆಂಚು. ಚರ್ಚಿನಲ್ಲಿ ಅವಳು ಹಿಂದಿನ ಗೋಡೆಗೆ ಒರಗಿ, ಎಡಗಡೆ ನಿಂತುಕೊಳ್ಳತೊಡಗಿದಾಗ ಪಾದ್ರಿ ಅದನ್ನು ವಿನಯವೆಂದು ತಿಳಿದು ಒಂದು ಭಾನುವಾರ ಎಲ್ಲರೆದುರು ಹೊಗಳಿಯೂ ಬಿಟ್ಟಿದ್ದರು. ಅದಾಗಿ ಸ್ವಲ್ಪ ಕಾಲಕ್ಕೆ ಅದೇ ಊರಿನ ಕುರಿ ಫಾರ್ಮಿನ ಯಜಮಾನಿತಿ ಗ್ಲೆನಿಸ್ ನಾನ್‌ಕೆರ್ವಿಸ್ ಬಲಗಡೆಯ ಗೋಡೆಗೆ ಬಂದು ನಿಂತಳು. ಭಾನುವಾರದ ಮೇಲೆ ಭಾನುವಾರ. ರೇಲೀನಳ ಕಡೆ ಒಂದು ಸಲವೂ ನೋಡದೆ. ತನ್ನನ್ನು ಅಣಕಿಸಲು ಬಂದಿದ್ದಾಳೆ, ವಿನಯದಲ್ಲೂ ಪೈಪೋಟಿ ಹೂಡಿದ್ದಾಳೆ ಎಂದುಕೊಂಡಿದ್ದಳು ರೇಲೀನ್. ಹಾಗೆ ಅಂದುಕೊಳ್ಳಲು ಕಾರಣ ಇತ್ತು.

ಕಾರಣ ಒಂದು ಹುರಿ. ಹುಲ್ಲಿನ ಪಿಂಡಿ ಕಟ್ಟುವ ನೀಲಿ ಪ್ಲಾಸ್ಟಿಕ್ ಹುರಿ, ನಾಲ್ಕು ಬೆರಳುದ್ದದ್ದು. ಕುರಿಗಳ ತುಪ್ಪಟ ತೆಗೆಯುವ ಶೆಡ್ಡುಗಳಲ್ಲಿ ರೇಲೀನಳದು ದರ್ಜೆ ಹಾಕುವ ಕೆಲಸ. ಕತ್ತರಿಸಿದ ತುಪ್ಪಟ ಮೇಜಿನ ಮೇಲೆ ಹರಡಿದಾಗ ಅದನ್ನು ಮುಟ್ಟಿ, ಎಳೆದು, ಬೆಳಕಿಗೆ ಹಿಡಿದು, ಇದು ಮೊದಲನೆಯದು, ಇದು ಎರಡನೆಯದು, ಇದು ಹೊಟ್ಟೆಯ ಕೆಳಗಿನದು ಎಂದು ಬೇರೆ ಮಾಡಿ, ಮೂಟೆ ಒತ್ತಿದ ಮೇಲೆ ಅದರ ಮೇಲೆ ತನ್ನ ಸಂಖ್ಯೆಯ ಮುದ್ರೆ ಹೊಡೆಯುವುದು. ಆ ಮುದ್ರೆ ಬಿದ್ದಮೇಲೆ ಒಳಗಿರುವುದಕ್ಕೆಲ್ಲ ಅವಳೇ ಹೊಣೆ, ಮೂಟೆ ಇಟಲಿಗೆ ಹೋಗಲಿ, ಚೀನಾಕ್ಕೆ ಹೋಗಲಿ. ಕೂಳೆ, ಮುಳ್ಳು, ಹಿಕ್ಕೆ ಎಲ್ಲಕ್ಕೂ ಗಿರಣಿಯಲ್ಲಿ ಮದ್ದಿದೆ. ಪಾಲಿಪ್ರೊಪಿಲೀನ್ ಹುರಿಗೆ ಇಲ್ಲ. ಅದರ ಒಂದು ಎಳೆ ಉಣ್ಣೆಯಲ್ಲಿ ಸೇರಿದರೆ ತೊಳೆದರೂ ಹೋಗದು, ಕೊಳೆಯದು, ಬಣ್ಣ ಹಿಡಿಯದು. ನೂತು, ನೇಯ್ದು, ಬಣ್ಣಕ್ಕೆ ಅದ್ದಿ, ಕೋಟು ಹೊಲಿದಾದ ಮೇಲೆ ಕಪ್ಪು ತೋಳಿನ ಮೇಲೆ ಬೇರೆಯದೇ ಗೆರೆಯಾಗಿ ಮೇಲೇಳುತ್ತದೆ. ಅದಕ್ಕೇ ಅವಳ ಶೆಡ್ಡಿನ ಬಾಗಿಲಲ್ಲಿ ಒಂದು ಡಬ್ಬಿ ನೇತಾಡುತ್ತಿತ್ತು. ಒಳಗೆ ಬರುವವರೆಲ್ಲ, ಯಜಮಾನನೂ ಸೇರಿ, ಜೇಬು ಮಗುಚಿ ಹುರಿ ಗಿರಿ ಇದ್ದರೆ ಅದರಲ್ಲಿ ಹಾಕಬೇಕು. ಅವಳ ಊರು ಜೇಮ್ಸ್‌ಟೌನಿನ ಸುತ್ತಲ ಗಂಡಸರು ಅವಳ ಬೆನ್ನ ಹಿಂದೆ ಅವಳನ್ನು ಹುರಿ ರೇಲೀನ್ ಅನ್ನುತ್ತಿದ್ದರು. ಅವಳಿಗೆ ಅದು ಬಿರುದಿನ ಹಾಗೆ ಕೇಳುತ್ತಿತ್ತು.

ಗ್ಲೆನಿಸಳ ಶೆಡ್ಡಿನಲ್ಲಿ, ಹನ್ನೆರಡು ವರ್ಷದ ಹಿಂದಿನ ವಸಂತದಲ್ಲಿ, ಮೂಟೆ ಒತ್ತುವಾಗ ನೀಲಿಯದೇನೋ ಮಿಂಚಿ ಒಳಗೆ ಹೋದದ್ದನ್ನು ರೇಲೀನ್ ಕಂಡಳು. ನಿಲ್ಲಿಸಿ, ಎಂದಳು. ಮೂಟೆ ಬಿಚ್ಚಿಸಿದಳು. ಕರುಗಳಿಗೆ ಹುಲ್ಲು ಹಾಕಿ ಬಂದವಳು ಯಾರು ಎಂದು ಕೇಳಿದಳು, ಗೊತ್ತಿದ್ದೂ. ಟೀ ಹೊತ್ತಿಗೆ ಬಿಸಿ ಬಿಸಿ ಸ್ಕೋನ್ ಬನ್ನುಗಳನ್ನು ತಂದು ನಿಂತಿದ್ದ ಗ್ಲೆನಿಸ್ ತಟ್ಟೆ ಕೆಳಗಿಟ್ಟಳು. ಆಮೇಲೆ ಯಜಮಾನಿತಿ ತನ್ನದೇ ಶೆಡ್ಡಿನ ನೆಲದ ಮೇಲೆ ಮೊಣಕಾಲೂರಿ, ಮೂಟೆ ಉಣ್ಣೆಯನ್ನು ಹಿಡಿ ಹಿಡಿಯಾಗಿ ಬಿಡಿಸಿ ಹುಡುಕಿದಳು, ಕತ್ತರಿಸುವವರೆಲ್ಲ ಸಾಲಾಗಿ ನಿಂತು ಅವಳದೇ ಸ್ಕೋನ್ ತಿನ್ನುತ್ತ ನೋಡಿದರು. ರೇಲೀನ್ ಬಗ್ಗಿ ಸಹಾಯ ಮಾಡಬಹುದಿತ್ತು. ಬಗ್ಗಲಾಗುತ್ತಿರಲಿಲ್ಲ. ಆಗಲೇ ಕೆಳಗೆ ಏನೋ ಜಾರಿ ಬಂದು ತೊಡೆಗಳ ನಡುವೆ ಕೋಳಿಮೊಟ್ಟೆಯ ಹಾಗೆ ಕೂತಿರುತ್ತಿತ್ತು, ಸಂಜೆಯ ಹೊತ್ತಿಗೆ ಅದನ್ನು ಬೆರಳಿನಿಂದ ಒಳಗೆ ತಳ್ಳಿಕೊಳ್ಳಬೇಕಾಗುತ್ತಿತ್ತು. ಇಪ್ಪತ್ತೇಳು ವರ್ಷ ತುಪ್ಪಟ ಎತ್ತಿದ್ದಕ್ಕೆ, ಇಬ್ಬರನ್ನು ಹೆತ್ತದ್ದಕ್ಕೆ. ಹಾಗೆಂದು ಯಾರಿಗೆ ಹೇಳುವುದು? ಅದಕ್ಕೇ ಸೊಂಟದ ಮೇಲೆ ಕೈಯಿಟ್ಟು ನಿಂತಳು, ನಿಂತ ಭಂಗಿ ಅಹಂಕಾರದ್ದಾಗಿ ಕಂಡಿತು, ಕಂಡಂತೆಯೇ ಅದು ಆಗಿಯೂ ಹೋಯಿತು. ಗ್ಲೆನಿಸ್ ಹುರಿ ಸಿಕ್ಕಾಗ ತಲೆಯೆತ್ತದೆ ಕೈ ಮಾತ್ರ ಎತ್ತಿ ತೋರಿಸಿದಳು. ಆ ಕೈ ರೇಲೀನಳಿಗೆ ಈಗಲೂ ಕಾಣುತ್ತದೆ.

ಮೂರನೆಯ ಲೋಟ. ಹೊಟ್ಟೆ ಬಿಗಿಯಾಗುತ್ತಿತ್ತು, ಒಳ್ಳೆಯದೇ, ಒತ್ತಡ ಹೆಚ್ಚಿದರೆ ಹರಿವು ಹೆಚ್ಚಬೇಕು, ತೋಟದ ನೀರಿನ ಪಂಪಿನಲ್ಲಿ ಕಂಡದ್ದೇ. ಪರದೆಯಾಚೆಯ ಮಂಚದ ಹೆಂಗಸು ನಿದ್ದೆಯಲ್ಲಿ ಏನೋ ಗೊಣಗಿದಳು. ಅದೇ ವರ್ಷ, ಹುರಿಯ ಆ ದಿನದಿಂದ ಆರು ವಾರ ಕಳೆದಿರಬೇಕು, ಸಣ್ಣ ಊರಿನ ಆಸ್ಪತ್ರೆಗೆ ತಿಂಗಳಿಗೊಮ್ಮೆ ಬರುತ್ತಿದ್ದ ಸರ್ಜನ್ ಅವಳ ಅಂಗೈಯಲ್ಲಿ ಒಂದು ಜಾಲರಿಯ ತುಂಡಿಟ್ಟ. ಗರ್ಭಕೋಶ, ಮೂತ್ರಕೋಶ ಎಲ್ಲ ಜಾರಿವೆ, ಇದು ತೂಗುಮಂಚದ ಹಾಗೆ ಎತ್ತಿ ಹಿಡಿಯುತ್ತದೆ ಎಂದ. ಅವನು ಮಾತಾಡುತ್ತಲೇ ಇದ್ದ, ಅವಳ ಹೆಬ್ಬೆರಳು ತೋರುಬೆರಳು ತಮ್ಮ ಪಾಡಿಗೆ ಆ ತುಂಡನ್ನು ಉಜ್ಜಿದವು. ಬೆರಳಿಗೆ ಗೊತ್ತಾಯಿತು. ಒಣ, ಜಿಡ್ಡಿಲ್ಲದ, ಒಂದಿಷ್ಟೂ ಬಾಗದ ಆ ಜಾರುತನ. ಬಣ್ಣ ಒಂದು ಬಿಟ್ಟರೆ ಅದೇ.

"ಡಾಕ್ಟ್ರೇ, ಇದು ಪಾಲಿಪ್ರೊಪಿಲೀನ್ ಅಲ್ವಾ?"

"ಓಹೋ, ಗೊತ್ತಾ ನಿಮ್ಗೆ! ಹೌದು. ಆದ್ರೆ ಇದು ವೈದ್ಯಕೀಯ ದರ್ಜೆದು."

ದರ್ಜೆ ಎಂದ. ಬೇರೆ ಯಾವ ಮಾತನ್ನಾಡಿದ್ದರೂ ಅವಳು ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳೇನೋ. ದರ್ಜೆಯೆಂದರೆ ಯಾರೋ ಎಲ್ಲೋ ಮುಟ್ಟಿ, ಎಳೆದು, ಬೆಳಕಿಗೆ ಹಿಡಿದು ನೋಡಿ, ತನ್ನ ಸಂಖ್ಯೆಯ ಮುದ್ರೆ ಹೊಡೆದಿದ್ದಾರೆ ಎಂದಲ್ಲವೇ? ತನ್ನಂಥವರೊಬ್ಬರು. ಆ ಅಪರಿಚಿತರ ಮೇಲೆ ಅವಳಿಗೆ ಸಹೋದ್ಯೋಗಿಯ ಮೇಲಿನಂಥ ನಂಬಿಕೆ ಬಂತು. ತುಂಡನ್ನು ಹಿಂದಕ್ಕೆ ಕೊಟ್ಟು, ಅಂಗೈಯನ್ನು ಸ್ಕರ್ಟಿಗೆ ಒರಸಿಕೊಂಡಳು. ನಾಲ್ಕು ಬೆರಳುದ್ದದ ಎಳೆಗೆ ಒಬ್ಬ ಹೆಂಗಸನ್ನು ನೆಲಕ್ಕೆ ಹಾಕಿದವಳು ಇಡೀ ಜಾಲರಿಯನ್ನು ಒಳಗೆ ಬಿಟ್ಟುಕೊಂಡಳು, ಥ್ಯಾಂಕ್ಯೂ ಎಂದೂ ಹೇಳಿದಳು. ಮೊದಲ ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಅದು ಒಳಗೆ ಕುಗ್ಗಿತು, ಬಿಗಿಯಿತು, ಮಾಂಸವನ್ನು ಕೊಯ್ದು ಹೊರಗೆ ಇಣುಕಿತು. ವಯಸ್ಸು, ಎಂದರು ಡಾಕ್ಟರುಗಳು. ಮನಸ್ಸು, ಎಂದರು. ಒಬ್ಬ ಯೋಗ ಮಾಡಿ ಎಂದ. ಅವಳು ನಗುತ್ತ ಮನೆಗೆ ಬಂದಳು, ತನಗೆ ಹೀಗೇ ಆಗಬೇಕಿತ್ತು ಎಂಬ ನ್ಯಾಯ ಒಳಗೊಳಗೇ ಇದ್ದುದರಿಂದ.

ಒಂಬತ್ತರ ಹೊತ್ತಿಗೆ ತಡೆಯಲಾರದೆ ಟಾಯ್ಲೆಟ್ಟಿಗೆ ಹೋದಳು. ಟೋಪಿ ನಿಜಕ್ಕೂ ಟೋಪಿಯ ಹಾಗೇ ಇತ್ತು, ಮಗುಚಿ ಹಾಕಿದ ಕ್ರಿಕೆಟ್ ಅಂಪೈರನ ಟೋಪಿ, ಒಳಗೆ ಅಳತೆಯ ಗೆರೆಗಳು. ಕೂತಳು. ಏನೂ ಇಲ್ಲ. ಒತ್ತಿದಳು, ಹಲ್ಲು ಕಚ್ಚಿ ಒತ್ತಿದಳು, ಸಣ್ಣ ಧಾರೆ ಬಂತು, ನಿಂತಿತು, ಮತ್ತೆ ಬಂತು. ಗೆಲುವಿನಿಂದ ಕರೆಗಂಟೆ ಎಳೆದಳು. ಸಲೋತೆ ಟೋಪಿ ನೋಡಿ, ಅವಳನ್ನು ಮಲಗಿಸಿ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಯಂತ್ರದ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಮುಖ ಇಳಿಯಿತು.

"ಎಷ್ಟು ಲೋಟ ಕುಡಿದ್ರಿ ಆಂಟಿ?"

"ಒಂದೆರಡು."

"ಆಂಟೀ."

"ಐದು."

"ಅಯ್ಯೋ ದೇವ್ರೇ. ಕುರಿ ತೊಟ್ಟಿ ಅಂದ್ಕೊಂಡ್ರಾ? ಹೋಗಿದ್ದು ನೂರ ಎಂಬತ್ತು, ಒಳಗೆ ಉಳಿದಿರೋದು ಮುನ್ನೂರ ತೊಂಬತ್ತು. ಈಗ ತಾನೇ ಎದ್ದಿರೋ ಮೂತ್ರಕೋಶ ಇದು, ಚಿಕ್ಕ ಮಗು ಇದ್ದ ಹಾಗೆ. ಅದ್ರ ಮೇಲೆ ಡ್ಯಾಮ್ ಒಡೆದ ಹಾಗೆ ಸುರಿದ್ರೆ ಹೆದ್ರಿ ಮುದುರಿಕೊಳ್ಳುತ್ತೆ." ಗಾಬರಿಯಿಂದ ರೇಲೀನ್ ಮೇಲೆದ್ದಳು. ಸಲೋತೆ ಅವಳ ಭುಜ ಒತ್ತಿದಳು. "ಇನ್ನೊಂದೇ ಸಲ. ಒಂದು ಗಂಟೆ ಬಿಟ್ಟು. ಓಡಾಡಿ. ಒಂದು ತೊಟ್ಟು ಕುಡೀಬೇಡಿ. ಒತ್ತಲೇಬೇಡಿ. ಒತ್ತಿದ್ರೆ ಡಾಕ್ಟರ್ ಹೊಲಿದಿರೋದು ಬಿಚ್ಚುತ್ತೆ, ಆಮೇಲೆ ನಾನು, ನೀವು, ಇಬ್ರೂ ಅಳ್ಬೇಕು."

ಮುನ್ನೂರ ತೊಂಬತ್ತು. ಅಂಕಿ ಅವಳೊಡನೆ ಕಾರಿಡಾರಿನ ತುದಿಯವರೆಗೆ ನಡೆದುಹೋಗಿ ತಿರುಗಿ ಬಂತು. ಡಾಕ್ಟರ್ ಹೇಗನ್ ನಿನ್ನೆ ಸಂಜೆ ಮಂಚದ ತುದಿಯಲ್ಲಿ ಕೂತು, ಬಹುಪಾಲು ಬಂತು, ಮೂಳೆಯ ಹತ್ತಿರ ಎರಡು ಎಳೆ ಬಿಟ್ಟಿದ್ದೇನೆ, ತೆಗೆಯಲು ಹೋದರೆ ಕಾಲಿನ ನರಕ್ಕೇ ಅಪಾಯ, ಜಾರಿದ್ದನ್ನೆಲ್ಲ ಎತ್ತಿ ನಿಮ್ಮದೇ ಪೊರೆ ಮಡಚಿ ಹೊಲಿದಿದ್ದೇನೆ ಎಂದಿದ್ದರು. ಎರಡು ಎಳೆ. ಅಂಥ ಮೂಟೆಗೆ ಅವಳು ಮುದ್ರೆ ಹೊಡೆಯುತ್ತಿರಲಿಲ್ಲ. ಪಕ್ಕಕ್ಕಿಟ್ಟು, ಶಂಕೆಯದು ಎಂದು ಗುರುತು ಹಾಕುತ್ತಿದ್ದಳು. ಆದರೆ ಹಾಗೆ ಗುರುತು ಹಾಕಿದ ಉಣ್ಣೆಯೂ ಮಾರಾಟವಾಗುತ್ತದೆ, ಅದರಿಂದಲೂ ಕಂಬಳಿ ಆಗುತ್ತದೆ, ಯಾರೋ ಹೊದೆಯುತ್ತಾರೆ! ಈ ಯೋಚನೆ ಬಂದದ್ದೇ ತಡ, ಮತ್ತೆ ಆ ಅಸಂಬದ್ಧ ಉತ್ಸಾಹ ಉಕ್ಕಿ ಬಂದು ಅವಳು ಕಾರಿಡಾರಿನ ನಡುವೆ ನಿಂತು, ಬೇಕೆಂದೇ, ಲಿಫ್ಟಿನ ಪಕ್ಕದ ಕಬ್ಬಿಣದ ಬೆಂಚಿನ ಮೇಲೆ ಕೂತು ನೋಡಿದಳು. ಕೂರಲಾಯಿತು.

ಲಿಫ್ಟಿನ ಬಾಗಿಲು ತೆರೆದು ಕೆಲ್ವಿನ್ ಶಿರ್ಮರ್ ಹೊರಗೆ ಬಂದ. ಕೈಯಲ್ಲಿ ಹ್ಯಾಟು, ಕಂಕುಳಲ್ಲಿ ತಗಡಿನ ಡಬ್ಬಿ, ಮುಖದಲ್ಲಿ ಹೆಂಗಸರ ವಾರ್ಡಿಗೆ ಬಂದ ಗಂಡಸಿನ ಕಳ್ಳಕಳೆ. ಬೆಂಚಿನ ಮೇಲಿದ್ದ ಹೆಂಡತಿ ಅವನ ಕಣ್ಣಿಗೆ ಬೀಳಲಿಲ್ಲ, ಕೂತಿರುವ ಹೆಂಗಸಿನಲ್ಲಿ ಅವಳನ್ನು ಹುಡುಕುವ ಅಭ್ಯಾಸ ಅವನಿಗೆ ತಪ್ಪಿತ್ತು.

"ಕೆರೇಲಿ ಬಾತುಕೋಳಿ!" ಎಂದು ರೇಲೀನ್ ಕೂಗಿದಳು.

ಶೆಡ್ಡಿಗೆ ಹೆಂಗಸು ಬಂದರೆ ಗಂಡಸರು ಬಾಯಿ ಬಿಗಿಹಿಡಿಯಲೆಂದು ಯಾರಾದರೂ ಹಾಗೆ ಕೂಗುವುದಿತ್ತು. ಹತ್ತೊಂಬತ್ತರಲ್ಲಿ ಮೊದಲ ಸಲ ಶೆಡ್ಡಿನ ಮೆಟ್ಟಿಲು ಹತ್ತಿದಾಗ ಅದನ್ನು ಕೇಳಿ ಅವಳು ನಿಜವಾಗಿ ತಿರುಗಿ ನೋಡಿ, ಎಲ್ಲಿದೆ ಕೆರೆ, ಎಂದು ಕೇಳಿದ್ದಳು. ಕುರಿಯ ಮೇಲೆ ಬಗ್ಗಿದ್ದ ಹುಡುಗರಲ್ಲಿ ನಗದೆ ಇದ್ದವನು ಒಬ್ಬನೇ, ಈ ಕೆಲ್. ನಕ್ಕರೆ ಕತ್ತರಿ ತಪ್ಪಿ ಕುರಿಗೆ ಗಾಯವಾಗುತ್ತಿತ್ತು ಅಷ್ಟೆ ಎಂದು ಮದುವೆಯಾದ ಮೇಲೆ ಹೇಳಿದ್ದ.

"ಹಾಗೆ ಕಿರಿಚ್ಬೇಡ ಕಣೇ ಮುದ್ಕಿ, ಹೊಲಿಗೆ ಬಿಚ್ಚೀತು," ಎನ್ನುತ್ತ ಹತ್ತಿರ ಬಂದವನು ಥಟ್ಟನೆ ನಿಂತ. "ರೇ, ನೀನು ಕೂತಿದೀಯ."

"ಹೂಂ. ಕಬ್ಬಿಣದ್ದು. ನೀನೂ ಕೂತ್ಕೊ, ಆರಾಮಾಗಿದೆ."

ಅವನು ಕೂತ. ಬೆಂಚನ್ನು ಎರಡು ಸಲ ತಟ್ಟಿ ನೋಡಿದ. ಕಣ್ಣು ತುಂಬಿದ್ದನ್ನು ಮರೆಮಾಡಲು ಹ್ಯಾಟನ್ನು ಸುಮ್ಮನೆ ತಿರುಗಿಸತೊಡಗಿದ. ಈ ಕೈಗಳು ತನ್ನನ್ನು ಮುಟ್ಟುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತು. ಒಂದು ರಾತ್ರಿ ಅವಳ ಪಕ್ಕದಿಂದ ಎದ್ದು ಬಚ್ಚಲಿಗೆ ಹೋದವನು ಬಹಳ ಹೊತ್ತು ಬರಲೇ ಇಲ್ಲ. ಮರುದಿನ ಕಸದ ಬುಟ್ಟಿಯಲ್ಲಿ ಅವಳು ಗಾಯದ ಪಟ್ಟಿಯ ಹಾಳೆ ಕಂಡಳು, ಕೇಳಲಿಲ್ಲ. ವಾರದೊಳಗೆ ಅವನು, ಗೊರಕೆ ಜಾಸ್ತಿಯಾಗಿದೆ ಕಣೆ, ನಿನ್ನ ನಿದ್ದೆ ಕೆಡುತ್ತೆ, ಎಂದು ಮಗನ ಖಾಲಿ ಕೋಣೆಗೆ ಹೋದ. ಅವನಿಗೆ ತಾನು ಬೇಡವಾದೆ ಎಂದು ಅವಳು ತಿಳಿದಳು. ಅವಳಿಗೆ ತಾನು ನೋವು ಕೊಡುತ್ತಿದ್ದೇನೆಂದು ಅವನು ತಿಳಿದ. ಸೋಮವಾರ ಬೆಳಿಗ್ಗೆ, ಆಸ್ಪತ್ರೆಗೆ ಬರುವ ದಾರಿಯಲ್ಲಿ ಕ್ಲೇರ್ ಊರು ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಅವನು ಹೇಳಿದ್ದ: "ಆ ದಿನ ನಂಗೆ ಏನೋ ಗೀರಿತ್ತು ರೇ. ತಂತಿ ತರ. ಹೇಳೋಕೆ ನಾಚಿಕೆ ಆಯ್ತು. ಹೇಳಿದ್ರೆ ನೀನು ಆಗ್ಲೇ ಹೋಗಿ ತೆಗೆಸ್ತಿದ್ದೆ." ಹತ್ತು ವರ್ಷದ ಗೊರಕೆ. ಅವಳಿಗೆ ಕೋಪ ಬರಬೇಕಿತ್ತು. ಬದಲಿಗೆ ಕಾರಿನ ಕಿಟಕಿಯಾಚೆ ಹಸಿರು ಗೋಧಿ ಓಡುತ್ತಿದ್ದುದು ವಿಪರೀತ ಚೆಂದ ಕಂಡಿತ್ತು.

"ಶೆಡ್ಡಲ್ಲಿ ಹೇಗಿದೆ? ನನ್ನ ಜಾಗದ ಹೊಸಬಳು?"

"ಪರವಾಗಿಲ್ಲ. ದಿನವಿಡೀ ಕಿವಿ ಒಡೆಯೋ ಹಾಡು ಹಾಕ್ತಾಳೆ. ಬಾಗಿಲಿಗೆ ನಿನ್ನ ತರಾನೇ ಡಬ್ಬಿ ನೇತು ಹಾಕಿದಾಳೆ. ನನ್ನ ಜೇಬೂ ತಡಕಿದ್ಲು."

"ಸಿಕ್ತಾ ಏನಾದ್ರೂ?"

"ಸಿಕ್ತು," ಕೆಲ್ ತಲೆ ತಗ್ಗಿಸಿದ. "ಸಣ್ಣದು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ತಗಡಿನ ಡಬ್ಬಿಯನ್ನು ಅವಳ ತೊಡೆಯ ಮೇಲಿಟ್ಟು, "ಗ್ಲೆನಿಸ್ ಕೊಟ್ಟಿದಾಳೆ. ಬೆಳಿಗ್ಗೆ ಗೇಟ್ ಹತ್ರ ಕಾರಿಗೆ ಅಡ್ಡ ನಿಂತಿದ್ಲು," ಎಂದ. ಮುಚ್ಚಳ ತೆಗೆದರೆ ಸ್ಕೋನ್, ಬಟ್ಟೆಯಲ್ಲಿ ಸುತ್ತಿದ್ದು, ಇನ್ನೂ ಒಂದಿಷ್ಟು ಬಿಸಿಯಿತ್ತು.

"ಏನಂದ್ಲು?"

"ಹೇಳ್ಲಾ? 'ಒಳಗೆ ಹುರಿ ಇಲ್ಲ ಅಂತ ಹೇಳು. ನಂಬಿಕೆ ಇಲ್ದಿದ್ರೆ ಒಂದೊಂದೂ ಬಿಚ್ಚಿ ನೋಡ್ಕೊಳ್ಲಿ, ಮೊಣಕಾಲೂರಿ' ಅಂದ್ಲು."

"ಮೊಣಕಾಲೂರಿ ಅಂತಾನೂ ಅಂದ್ಲಾ?"

"ಅಂದ್ಲು. ಅಂದು, ಅತ್ಲು." ಕೆಲ್ ಹ್ಯಾಟು ತಿರುಗಿಸುವುದನ್ನು ನಿಲ್ಲಿಸಿದ. "ಅವಳ ಒಳಗೂ ಇದೆಯಂತೆ ರೇ. ಅದೇ ಡಾಕ್ಟ್ರು, ನಿನ್ನದಾದ ಮುಂದಿನ ವರ್ಷ. ಯಾರಿಗೂ ಹೇಳಿಲ್ಲ, ಗಂಡನಿಗೂ. ನೀನು ತೆಗೆಸೋಕೆ ಹೋಗಿದೀಯ ಅಂತ ನನ್ನ ಬಾಯಿಂದ ಕೇಳಿದ್ಮೇಲೆ ಕಾರಿನ ಬಾಗಿಲು ಬಿಡ್ಲೇ ಇಲ್ಲ. 'ಕೂತ್ಕೊಳ್ಳೋಕೆ ಆಗುತ್ತಾ ಕೇಳು. ಒಂದಕ್ಕೆ ಹೋಗೋಕೆ ಆಗುತ್ತಾ ಕೇಳು. ಆಗುತ್ತೆ ಅಂದ್ರೆ ನಾನೂ ಹೋಗ್ತೀನಿ. ಆಗಲ್ಲ ಅಂದ್ರೆ ಸಾಯೋ ತನಕ ನಿಂತೇ ಇರ್ತೀನಿ' ಅಂದ್ಲು. ಫೋನ್ ಹತ್ರಾನೇ ಇರ್ತಾಳಂತೆ."

ನಿಂತೇ ಇರ್ತೀನಿ. ಚರ್ಚಿನ ಹಿಂದಿನ ಗೋಡೆ, ಬಲಗಡೆ, ಬೂದು ಕೋಟು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ. ಹಾಡಿನ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದು ಭಕ್ತಿಯಿಂದಲ್ಲ. ಅಷ್ಟೂ ಭಾನುವಾರ ಇಬ್ಬರು ಹೆಂಗಸರು ಒಂದೇ ಗೋಡೆಗೆ ಒರಗಿ, ನಡುವೆ ಹತ್ತು ಹೆಜ್ಜೆ ಜಾಗ ಬಿಟ್ಟು, ಒಂದೇ ಎಳೆಯ ಮೇಲೆ ನಿಂತಿದ್ದರು. ಬೆರಳುಗಳಿಗೆ ಗೊತ್ತಿದ್ದದ್ದನ್ನು ಆ ಸರ್ಜನನ ಕೋಣೆಯಿಂದ ಹೊರಗೆ ಬಂದು ಊರಲ್ಲಿ ಒಂದು ಮಾತು ಹೇಳಿದ್ದರೆ? ಇವರೆಲ್ಲರ ಜೇಬು ಮಗುಚಿಸುತ್ತಿದ್ದವಳು ಹೇಳಿದರೆ ಕೇಳುತ್ತಿದ್ದರು. ರೇಲೀನ್ ಒಂದು ಸ್ಕೋನ್ ಎತ್ತಿಕೊಂಡು, ಕೆಲ್ ನೋಡುತ್ತಿದ್ದಂತೆಯೇ, ಅದನ್ನು ಎರಡಾಗಿ ಬಿಡಿಸಿ ಒಳಗನ್ನು ಶ್ರದ್ಧೆಯಿಂದ ನೋಡಿದಳು. ಬಿಳಿ, ಮೆತ್ತಗೆ, ಹಬೆಯ ವಾಸನೆ. ಹುರಿ ಇರಲಿಲ್ಲ. ಅರ್ಧವನ್ನು ಗಂಡನಿಗೆ ಕೊಟ್ಟು ಅರ್ಧವನ್ನು ತಿಂದಳು.

"ಆಂಟಿ, ಟೈಮಾಯ್ತು!" ವಾರ್ಡಿನ ಬಾಗಿಲಿನಿಂದ ಸಲೋತೆ. "ಅಂಕಲ್, ನೀವು ಹೊರಗೇ ಇರಿ. ಪ್ರೇಕ್ಷಕರಿದ್ರೆ ಆಟಗಾರರಿಗೆ ಟೆನ್ಷನ್ನು."

ಟಾಯ್ಲೆಟ್ಟಿನ ಬಾಗಿಲು ಮುಚ್ಚಿತು. ಹೊಸ ಟೋಪಿ. ಸಲೋತೆ ಬೇಸಿನ್ನಿನ ನಲ್ಲಿಯನ್ನು ಸಣ್ಣಗೆ ತಿರುಗಿಸಿ ಹೋಗಿದ್ದಳು. ರೇಲೀನ್ ಕೂತಳು, ಬಿಗಿದಳು, ಬಿಗಿದದ್ದು ಗೊತ್ತಾಗಿ ಇನ್ನಷ್ಟು ಬಿಗಿದಳು. ಕೆಳಗೆಲ್ಲ ಮುಷ್ಟಿಯಾಗಿತ್ತು. ಎಂದಿನಿಂದ ಆಗಿತ್ತೋ, ಹನ್ನೆರಡು ವರ್ಷದಿಂದ ಆ ಮುಷ್ಟಿಯ ಮೇಲೆಯೇ ನಿಂತಿದ್ದಳು, ಮಲಗಿದ್ದಳು, ಬಿಚ್ಚುವುದು ಹೇಗೆಂದು ಮರೆತಿತ್ತು. ಇದು ಮೂತ್ರಕೋಶದ ಮರೆವೋ ತನ್ನದೋ? ನೀರಿನ ಸದ್ದು. ಗ್ಲೆನಿಸ್ ಅಡುಗೆಮನೆಯಲ್ಲಿ ಫೋನಿನ ಪಕ್ಕ ನಿಂತಿರುತ್ತಾಳೆ, ಸ್ಟೂಲು ಇದ್ದರೂ ನಿಂತಿರುತ್ತಾಳೆ. ಒತ್ತಲೇಬೇಡಿ ಎಂದಿದ್ದಳು ಸಲೋತೆ. ಯಾರೋ ಯಾರಿಗೋ ಇದೇ ಮಾತನ್ನು ಹೇಳುತ್ತಿದ್ದರು, ಜೋರಾಗಿ, ಯಂತ್ರಗಳ ಗದ್ದಲದ ಮೇಲೆ. ತಾನೇ. ತುಪ್ಪಟ ಎಸೆಯಲು ಕಲಿಯುವವರಿಗೆ. ಕುರಿಯಿಂದ ಬಿಡಿಸಿಕೊಂಡ ತುಪ್ಪಟ ಇಡಿಯಾಗಿ ಒಂದೇ ಕಂಬಳಿ, ಬೆಚ್ಚಗೆ, ಕೊಬ್ಬಿನ ಜಿಡ್ಡು, ಎರಡೂ ತೋಳಲ್ಲಿ ಅಪ್ಪಿಕೊಂಡು ಮೇಜಿನ ಹತ್ತಿರ ಬಂದು ಎಸೆಯಬೇಕು. ಹೊಸಬರೆಲ್ಲ ಬಲ ಹಾಕುತ್ತಾರೆ, ಅದು ಮುದ್ದೆಯಾಗಿ ಮೇಜಿನಾಚೆ ಬೀಳುತ್ತದೆ. ಎಸೀಬೇಡ್ರೋ, ಎತ್ತು, ಎತ್ತಿ ಕೈ ಬಿಡು, ಅದಕ್ಕೆ ಬಿಚ್ಚಿಕೊಳ್ಳೋದು ಗೊತ್ತು. ಅವಳು ಎಸೆದದ್ದು ಒಂದು ಕ್ಷಣ ಗಾಳಿಯಲ್ಲಿ ನಿಂತುಬಿಡುತ್ತಿತ್ತು, ಕಿಟಕಿಯ ಬೆಳಕನ್ನು ಪೂರಾ ಮುಚ್ಚಿ, ಒಳಮೈಯ ಕೆನೆಬಿಳುಪು ಮೇಲಾಗಿ, ಆಮೇಲೆ ಉಸಿರು ಬಿಟ್ಟ ಹಾಗೆ ಮೇಜಿನ ಉದ್ದಕ್ಕೂ ಇಳಿಯುತ್ತಿತ್ತು. ಕತ್ತರಿಸುವವರು ಬಗ್ಗಿದ ತಲೆ ಎತ್ತಿ ನೋಡುತ್ತಿದ್ದರು. ಕುರಿಗೆ ಗಾಯವಾದರೂ ಸರಿ ಎಂದು ಕೆಲ್ ನೋಡುತ್ತಿದ್ದ. ಅವಳು ಟಾಯ್ಲೆಟ್ಟಿನ ಮೇಲೆ ಕೂತಿದ್ದಂತೆಯೇ ಎರಡೂ ತೋಳು ಮುಂದೆ ಚಾಚಿ, ತುಂಬಾ ಮೆಲ್ಲಗೆ, ಮೇಲಕ್ಕೆತ್ತಿದಳು. ಕೈ ಬಿಟ್ಟಳು.

ಅದು ಬಂತು. ಧಾರೆ ಕಡಿಯದೆ, ಅವಸರವಿಲ್ಲದೆ, ನಲ್ಲಿಯ ಸದ್ದನ್ನು ಮುಚ್ಚಿಹಾಕಿ ಬಂತು. ನಿಂತ ಮೇಲೆ ಸಲೋತೆ ಹೇಳಿಕೊಟ್ಟಂತೆ ಎದ್ದು, ಒಂದು ಕ್ಷಣ ಬಿಟ್ಟು, ಮತ್ತೆ ಕೂತು ಮುಂದಕ್ಕೆ ಬಾಗಿದಳು. ಇನ್ನೊಂದಿಷ್ಟು ಬಂತು. ಅವಳು ಗಟ್ಟಿಯಾಗಿ ನಗುತ್ತಿದ್ದಳು, ಹೊರಗೆ ಕೇಳಿಸುವ ಹಾಗೆ. ಪರದೆಯಾಚೆಯ ಹೆಂಗಸು, ನಿನ್ನೆ ಫೇಲಾದ ಜಡ್ಜಮ್ಮನೇ ಇರಬೇಕು, "ಏನಾಯ್ತು? ಆಯ್ತಾ?" ಎಂದು ಕೂಗಿದಳು.

ಮಂಚದ ಮೇಲೆ ಜೆಲ್ ಮತ್ತೆ ತಣ್ಣಗೆ ಹತ್ತಿತು. ಕೆಲ್‌ನನ್ನು ಒಳಗೆ ಕರೆಸಿದ್ದಳು ಸಲೋತೆ. ಅವನು ಫೋನು ಹಿಡಿದು ಮಂಚದ ತಲೆಯ ಕಡೆ, ಗೋಡೆ ನೋಡುತ್ತ ನಿಂತಿದ್ದ. ಆಗಲೇ ಗ್ಲೆನಿಸಳಿಗೆ ಕರೆ ಹೋಗಿತ್ತು. ಆ ಕಡೆ ಯಾರೋ ಉಸಿರಾಡುತ್ತಿದ್ದುದು ಕೇಳುತ್ತಿತ್ತು.

"ಇಲ್ಲಿ ಕೊಡು," ರೇಲೀನ್ ಕೈ ಚಾಚಿದಳು. "ಗ್ಲೆನಿಸ್?"

"ಹೂಂ."

"ಸ್ಕೋನ್ ಬಿಚ್ಚಿ ನೋಡ್ದೆ. ಹುರಿ ಇಲ್ಲ."

"ಮೊಣಕಾಲೂರಿದ್ಯಾ?"

"ಡಾಕ್ಟ್ರು ಬಿಡ್ಲಿ, ನಿನ್ನ ಶೆಡ್ಡಿಗೇ ಬಂದು ಊರ್ತೀನಿ. ನೀನು ನಿಂತಿದೀಯಾ?"

"ನಿಂತಿದೀನಿ."

"ಇನ್ನೊಂದು ನಿಮಿಷ ನಿಂತಿರು."

ಸಲೋತೆ ಯಂತ್ರವನ್ನು ಹೊಕ್ಕುಳ ಕೆಳಗೆ ಒತ್ತಿ, ಸ್ವಲ್ಪ ಓರೆ ಮಾಡಿ, ಗುಂಡಿ ಅದುಮಿದಳು. ಈ ಸಲ ಪರದೆಯನ್ನು ರೇಲೀನಳ ಕಡೆಗೇ ತಿರುಗಿಸಿದಳು. ರೇಲೀನ್ ಮೂಟೆಯ ಮೇಲಿನ ಮುದ್ರೆ ಓದುವವಳ ಹಾಗೆ ಕಣ್ಣು ಕಿರಿದು ಮಾಡಿ ಅದನ್ನು ಓದಿ, ಫೋನಿನಲ್ಲಿ ಹೇಳಿದಳು:

"ಒಳಗೆ ಉಳಿದಿರೋದು ಇಪ್ಪತ್ತೆಂಟೇ ಮಿಲಿಲೀಟರ್."